ಮೈಸೂರಿನ ಮೂರು ಕೆರೆಗಳು: ಯಾರು ಯಾವುದಕ್ಕೆ ಹೋಗಬೇಕು?

ಮಧುಮೇಹದ ಕಾರಣಕ್ಕೆ ದಿನವೂ ಒಂದು ಗಂಟೆ ನಡೆಯುವ ನಮ್ಮ ಮಾವನವರನ್ನು ಒಂದು ಭಾನುವಾರ ಸಂಜೆ ಕಾರಂಜಿ ಕೆರೆಗೂ, ಒಂದೆಡೆ ನಿಲ್ಲದ ತಂಗಿಯ ಆರು ವರ್ಷದ ಮಗನನ್ನು ಮರುದಿನ ಬೆಳಗ್ಗೆ ಕುಕ್ಕರಹಳ್ಳಿ ಕೆರೆಗೂ ಕರೆದುಕೊಂಡು ಹೋಗಿದ್ದೆ. ಮಾವನವರಿಗೆ ಜನಸಂದಣಿಯಲ್ಲಿ ನಾಲ್ಕು ಹೆಜ್ಜೆ ಬಿರುಸಾಗಿ ಇಡಲು ಆಗಲಿಲ್ಲ. ಹುಡುಗನಿಗೆ ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಕಾಲು ನೋವು ಬಂದು, ಉಳಿದ ಅರ್ಧವನ್ನು ಅವನು ನನ್ನ ಹೆಗಲ ಮೇಲೆ ಕುಳಿತು ಪೂರೈಸಿದ. ಅದಲುಬದಲು ಮಾಡಿದವನು ನಾನೇ. ಮೈಸೂರಿನ ಕೆರೆಗಳನ್ನೆಲ್ಲ ‘ಪಕ್ಷಿಪ್ರಿಯರ ಸ್ವರ್ಗ’ ಎಂಬ ಒಂದೇ ಮಾತಿನಲ್ಲಿ ಹೊಗಳಿ ಮುಗಿಸುವ ರೂಢಿ ಇರುವುದರಿಂದ, ಹೊರಗಿನಿಂದ ಬಂದವರು ಹತ್ತಿರ ಸಿಕ್ಕ ಯಾವುದೋ ಒಂದಕ್ಕೆ ಹೋಗಿ ನಿರಾಶರಾಗುವುದನ್ನು ಅನೇಕ ಬಾರಿ ಕಂಡಿದ್ದೇನೆ. ಈ ವಿಮರ್ಶೆಗೆ ಅದೇ ಕಾರಣ.

ನಡಿಗೆಗೆ ಕುಕ್ಕರಹಳ್ಳಿಯೇ ಮೊದಲು. ಹಳಬರು ಈಗಲೂ ‘ಕುಕ್ಕನಹಳ್ಳಿ ಕೆರೆ’ ಎಂದೇ ಕರೆಯುವ ಇದನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬೇಸಾಯದ ನೀರಿಗಾಗಿ ಕಟ್ಟಿಸಿದರು. ಈಗ ಕೆಳಗಿನ ಗದ್ದೆಗಳು ಬಡಾವಣೆಗಳಾಗಿವೆ, ಕೆರೆಯ ಪಕ್ಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಹರಡಿಕೊಂಡಿದೆ. ಸುತ್ತಲಿನ ಹಾದಿ ಸುಮಾರು 5 ಕಿ.ಮೀ. ಇದ್ದು, ಮಣ್ಣಿನ ನೆಲ ಮಂಡಿನೋವಿನವರಿಗೆ ಕಾಂಕ್ರೀಟಿಗಿಂತ ಎಷ್ಟೋ ಹಿತವಾಗಿದೆ. ಎರಡೂ ಬದಿಯ ಮರಗಳು ಬಹುಪಾಲು ಹಾದಿಗೆ ನೆರಳು ಕೊಡುತ್ತವೆ, ಮರಗಳು ಬಿಟ್ಟುಕೊಟ್ಟ ಕಡೆ ನೀರಿನಾಚೆಗೆ ಚಾಮುಂಡಿ ಬೆಟ್ಟ ಕಾಣಿಸುತ್ತದೆ. ಕುವೆಂಪು ಅವರೂ ಆರ್. ಕೆ. ನಾರಾಯಣ್ ಅವರೂ ಇಲ್ಲಿ ನಡೆಯುತ್ತಿದ್ದರೆಂಬುದನ್ನು ಮೈಸೂರಿಗರು ಅತಿಥಿಗಳಿಗೆ ಹೇಳದೆ ಬಿಡುವುದಿಲ್ಲ, ನಾನೂ ಬಿಡಲಿಲ್ಲ. ಬಿರುಸಾಗಿ ನಡೆದರೆ ಐವತ್ತೈದು ನಿಮಿಷಕ್ಕೆ ಒಂದು ಸುತ್ತು ಮುಗಿಯುತ್ತದೆ, ಹಕ್ಕಿ ನೋಡುತ್ತ ಹೋದರೆ ಎರಡು ಗಂಟೆಯೂ ಸಾಲದು.

ಹಕ್ಕಿಗಳ ವಿಷಯಕ್ಕೆ ಬಂದರೆ, ಇಲ್ಲಿನ ಮುಖ್ಯ ಆಕರ್ಷಣೆ ಹೆಜ್ಜಾರ್ಲೆ, ಅಂದರೆ ಪೆಲಿಕನ್. ಕೆರೆಯ ನಡುಗಡ್ಡೆಯ ಮರಗಳ ಮೇಲೆ ಅವು ಗುಂಪಾಗಿ ಗೂಡು ಕಟ್ಟುತ್ತವೆ, ದಡದಿಂದ ಬರಿಗಣ್ಣಿಗೂ ಕಾಣುತ್ತವೆ. ಎರಡು ಮೀಟರಿಗೂ ಮೀರಿ ರೆಕ್ಕೆ ಹರವುವ ಈ ಹಕ್ಕಿ ತಲೆಯ ಮೇಲಿಂದ ಹಾದು ನೀರಿಗೆ ಇಳಿಯುವಾಗ ಎರಡೂ ಪಾದಗಳನ್ನು ಮುಂದೆ ಚಾಚಿ ನೀರನ್ನು ಸೀಳುತ್ತ ಬಂದು ನಿಲ್ಲುವ ಒಂದೇ ದೃಶ್ಯಕ್ಕಾಗಿ ಬೆಳಗ್ಗೆ ಬೇಗ ಏಳಬಹುದು. ಕೊಕ್ಕಿನ ಕೆಳಗಿನ ಚೀಲವನ್ನು ಬಲೆಯಂತೆ ಬೀಸಿ ಮೀನನ್ನು ನೀರಿನ ಸಮೇತ ಎತ್ತಿ, ನೀರನ್ನು ಬಸಿದು ಆಮೇಲೆ ನುಂಗುವುದನ್ನು ನೋಡಬೇಕಾದರೆ ಒಂದೇ ಕಡೆ ಹದಿನೈದು ನಿಮಿಷ ಕುಳಿತುಕೊಳ್ಳುವ ತಾಳ್ಮೆ ಬೇಕು. ಹಾವಕ್ಕಿಗೆ ಆ ಹೆಸರು ಏಕೆ ಬಂತೆಂಬುದೂ ಇಲ್ಲಿಯೇ ಗೊತ್ತಾಗುತ್ತದೆ: ಈಜುವಾಗ ಅದರ ಮೈಯೆಲ್ಲ ಮುಳುಗಿ, ತೆಳ್ಳನೆಯ ಕುತ್ತಿಗೆಯೊಂದೇ ನೀರಿನ ಮೇಲೆ ಹಾವಿನಂತೆ ಆಡುತ್ತಿರುತ್ತದೆ. ನೀರುಕಾಗೆಗಳು ಬಂಡೆಯ ಮೇಲೆ ರೆಕ್ಕೆ ಬಿಡಿಸಿ ಬಿಸಿಲು ಕಾಯುತ್ತಿರುತ್ತವೆ. ಬೆಳ್ಳಕ್ಕಿ, ನಾಮದ ಕೋಳಿ, ಮಿಂಚುಳ್ಳಿ, ಗುಳುಮುಳುಕಗಳನ್ನು ಹುಡುಕುವ ಶ್ರಮವೇ ಬೇಕಿಲ್ಲ. ದುರ್ಬೀನು ಇದ್ದರೆ ತರುವುದು ಒಳ್ಳೆಯದು, ಏಕೆಂದರೆ ನಡುಗಡ್ಡೆಯ ಗೂಡಿನೊಳಗಿನ ಮರಿಗಳು ಬರಿಗಣ್ಣಿಗೆ ಬರಿಯ ಬೂದು ಚುಕ್ಕೆಗಳು.

ಕೊರತೆಗಳೂ ಇವೆ. ಒಂದು ಕಾಲಕ್ಕೆ ಪೂರ್ಣಯ್ಯ ನಾಲೆಯ ಮೂಲಕ ದೂರದ ಮಳೆನೀರು ಬಂದು ಸೇರುತ್ತಿದ್ದ ಈ ಕೆರೆಗೆ ಆ ಹರಿವು ಹಿಂದಿನಂತೆ ಇಲ್ಲದಿರುವುದರಿಂದ, ಬೇಸಿಗೆಯಲ್ಲಿ ಮಟ್ಟ ಇಳಿದಾಗ ನೀರು ದಟ್ಟ ಹಸಿರಾಗುತ್ತದೆ, ಕೆಲವು ಮೂಲೆಗಳಲ್ಲಿ ಮೂಗು ಮುಚ್ಚಿಕೊಂಡೇ ನಡೆಯಬೇಕಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಮೊದಲ ಬಾರಿ ನೋಡಿದವರು ಇದನ್ನು ಮೆಚ್ಚುವುದು ಕಷ್ಟ. ಒಳಗೆ ತಿಂಡಿ, ಕಾಫಿ ಏನೂ ಸಿಗುವುದಿಲ್ಲ. ನಡಿಗೆ ಮುಗಿಸಿ ಸರಸ್ವತಿಪುರಂ ಕಡೆಗೆ ಹೋದರೆ ಇಡ್ಲಿ–ವಡೆಗೆ ಕೊರತೆಯಿಲ್ಲ, ಹಾಗಾಗಿ ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ. ನನಗೆ ನಿಜವಾಗಿ ಬೇಸರ ತರಿಸುವುದು ಮೊಬೈಲಿನಲ್ಲಿ ಗಟ್ಟಿಯಾಗಿ ಭಕ್ತಿಗೀತೆ ಹಾಕಿಕೊಂಡು ನಡೆಯುವ ನಮ್ಮಂಥ ವಾಕಿಂಗಿನವರೇ. ದೇವರಿಗೆ ಕಿವಿ ಚೆನ್ನಾಗಿಯೇ ಇರಬೇಕು. ಇರುಳು ಬಕಗಳಿಗಂತೂ ಇದೆ, ಅವು ಹಾರಿಹೋಗುತ್ತವೆ. ಮಧ್ಯಾಹ್ನದ ಹೊತ್ತಿನಲ್ಲಿ ಹೋಗದಿರುವುದು ಲೇಸು, ಏಕೆಂದರೆ ನಡಿಗೆಗೆ ಬಿಡುವುದು ಬೆಳಗ್ಗೆ ಮತ್ತು ಸಂಜೆ ಮಾತ್ರ.

ಮಕ್ಕಳಿದ್ದರೆ ಕಾರಂಜಿ. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಮೃಗಾಲಯದ ಬೆನ್ನಿಗೇ ಇರುವ, ಮೃಗಾಲಯದ ಆಡಳಿತಕ್ಕೇ ಸೇರಿದ ಈ ಕೆರೆಯ ಒಟ್ಟು ವಿಸ್ತೀರ್ಣ 90 ಹೆಕ್ಟೇರಿನಷ್ಟಿದ್ದು, ಅದರಲ್ಲಿ ಸುಮಾರು 55 ಹೆಕ್ಟೇರ್ ನೀರಿನ ಹರವು. ಟಿಕೆಟ್ ಪಡೆದು ಒಳಗೆ ಹೋದರೆ ಎಲ್ಲವೂ ಅಚ್ಚುಕಟ್ಟು: ನೆರಳಿನ ದಾರಿ, ಆಸನಗಳು, ದೋಣಿವಿಹಾರ, ಎತ್ತರದಿಂದ ನೋಡಲು ಗೋಪುರ, ನಡುಗಡ್ಡೆಯಲ್ಲಿ ಚಿಟ್ಟೆಗಳ ಉದ್ಯಾನ. ಆದರೆ ಮಕ್ಕಳು ಮರೆಯದಿರುವುದು ಒಳಗೆ ಹೊಕ್ಕು ನಡೆಯಬಹುದಾದ ಪಕ್ಷಿಮನೆಯನ್ನು. 60 ಮೀಟರ್ ಉದ್ದ, 40 ಮೀಟರ್ ಅಗಲ, 20 ಮೀಟರ್ ಎತ್ತರದ ಈ ಬಲೆಯ ಆವರಣದೊಳಗೆ ಹಕ್ಕಿಗಳ ನಡುವೆ ನಾವೇ ಓಡಾಡುತ್ತೇವೆ. ನವಿಲೊಂದು ದಾರಿಗೆ ಅಡ್ಡ ಬಂದು ನಿಂತಾಗ ತಂಗಿಯ ಮಗ ನನ್ನ ಕೈ ಹಿಡಿದು, “ಮಾವ, ಪಂಜರದಲ್ಲಿ ಇರೋದು ನಾವಾ, ನವಿಲಾ?” ಎಂದು ಕೇಳಿದ. ಉತ್ತರ ನನಗೂ ಹೊಳೆಯಲಿಲ್ಲ.

ಕೆರೆಯ ದಡದಲ್ಲೇ 1995ರಲ್ಲಿ ತೆರೆದ ಪ್ರಾಕೃತಿಕ ವಿಜ್ಞಾನದ ಸಂಗ್ರಹಾಲಯವೂ ಇದೆ. ಮಳೆ ಬಂದರೆ ಮಕ್ಕಳನ್ನು ಅಲ್ಲಿಗೆ ಸಾಗಿಸಬಹುದು. ಮೃಗಾಲಯವನ್ನೂ ಕಾರಂಜಿಯನ್ನೂ ಒಂದೇ ದಿನ ಮುಗಿಸುವ ಆಸೆಯಿಂದ ಬರುವವರಿಗೆ ನನ್ನ ಸಲಹೆಯೆಂದರೆ ಬೇಡ. ಮೃಗಾಲಯ ಸುತ್ತಿ ದಣಿದ ಮಕ್ಕಳು ಕಾರಂಜಿಯಲ್ಲಿ ಕೇಳುವುದು ಐಸ್‌ಕ್ರೀಮನ್ನು ಮಾತ್ರ. ಹಕ್ಕಿಗಳೂ ಇಲ್ಲಿ ಧಾರಾಳವಾಗಿವೆ, ಬಣ್ಣದ ಕೊಕ್ಕರೆಯನ್ನು ನಾನು ಬಹಳ ಹತ್ತಿರದಿಂದ ನೋಡಿದ್ದು ಇಲ್ಲಿಯೇ. ಆದರೆ ರಜಾದಿನದ ಗದ್ದಲದಲ್ಲಿ ಅವುಗಳ ಕೂಗು ಕೇಳಿಸುವುದಿಲ್ಲ. ಮಂಗಳವಾರ ಮೃಗಾಲಯದಂತೆಯೇ ಇದಕ್ಕೂ ರಜೆ ಎಂಬುದನ್ನು ತಿಳಿಯದೆ ಆಟೋದಲ್ಲಿ ಬಂದು ಗೇಟಿನಿಂದಲೇ ಹಿಂದಿರುಗುವ ಕುಟುಂಬಗಳು ಕಡಿಮೆಯಿಲ್ಲ. ದಸರೆಯ ವಾರದಲ್ಲಿ ನಾನಂತೂ ಆ ಕಡೆ ಸುಳಿಯುವುದಿಲ್ಲ.

ರಾಮಕೃಷ್ಣನಗರದಾಚೆಗಿನ ಲಿಂಗಾಂಬುಧಿ ಕೆರೆ ಮೂರನೆಯದು. ಇದೂ ಮುಮ್ಮಡಿಯವರದೇ, 1828ರಲ್ಲಿ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ್ದು. ಅರಣ್ಯ ಇಲಾಖೆಯ ಸುಪರ್ದಿಯಲ್ಲಿರುವ ಇಲ್ಲಿ ದೋಣಿಯಿಲ್ಲ, ಮಕ್ಕಳನ್ನು ರಂಜಿಸುವಂಥದ್ದು ಏನೂ ಇಲ್ಲ, ಜನರೂ ಕಡಿಮೆ. ಹಾದಿಯ ಕೆಲವು ಭಾಗಗಳಲ್ಲಿ ಬಿಸಿಲು ನೇರವಾಗಿ ಬೀಳುವುದರಿಂದ ಟೋಪಿ ಬೇಕೇ ಬೇಕು. ಮಳೆಗಾಲದ ನಂತರ, ನೀರು ತುಂಬಿ ಅಂಚಿನ ಜೊಂಡು ಬೆಳೆದಿರುವಾಗ ಜಂಬುಕೋಳಿಗಳು ಆ ಜೊಂಡಿನೊಳಗಿಂದ ಕೆಂಪು ಕಾಲುಗಳನ್ನು ಎತ್ತೆತ್ತಿ ಇಡುತ್ತ ಹೊರಬರುವುದನ್ನು ನಾನು ಒಬ್ಬನೇ ನಿಂತು ನೋಡಿದ ಬೆಳಗುಗಳಿವೆ. ನೆಂಟರನ್ನು ಅಲ್ಲಿಗೆ ಇನ್ನೂ ಕರೆದುಕೊಂಡು ಹೋಗಿಲ್ಲ.