ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915: ನಾಪೋಕ್ಲಿನಿಂದ ಒಂದು ಅನುಭವ

ಕಳೆದ ಮಳೆಗಾಲದಲ್ಲಿ ಆನ್‌ಲೈನಿನಲ್ಲಿ ತರಿಸಿದ ಮಿಕ್ಸಿಯ ದೊಡ್ಡ ಜಾರ್ ತಳದಲ್ಲಿ ಬಿರುಕು ಬಿಟ್ಟಿತ್ತು. ಕಡಂಬುಟ್ಟಿನ ಜೊತೆಗೆಂದು ಅಮ್ಮ ಚಟ್ನಿ ಅರೆಯಲು ಹೋದರೆ ನೀರೆಲ್ಲ ಅಡುಗೆಕಟ್ಟೆಯ ಮೇಲೆ ಸೋರುತ್ತಿತ್ತು. ಬಿಲ್ಲು ನೋಡಿದಾಗ ನಾವು ಕೇಳದೇ ಇದ್ದ 199 ರೂಪಾಯಿಯ ಹೆಚ್ಚುವರಿ ವಾರಂಟಿಯೂ ಸೇರಿಕೊಂಡಿತ್ತು. ಹಣ ಕಟ್ಟುವ ಪುಟದಲ್ಲಿ ಅದರ ಚೌಕಕ್ಕೆ ಮೊದಲೇ ಟಿಕ್ ಹಾಕಿಟ್ಟಿದ್ದರು. ವಾರವಿಡೀ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕೊನೆಗೆ ಸಿಗ್ನಲ್ ಸಿಕ್ಕಿ ದೂರು ಕೊಟ್ಟರೆ, ವಾಪಸ್ ಮಾಡುವ ಅವಧಿ ಮುಗಿದಿದೆ ಎಂಬ ಸಿದ್ಧ ಉತ್ತರವೇ ಆ್ಯಪ್‌ನಲ್ಲಿ ಮತ್ತೆ ಮತ್ತೆ ಬಂತು.

ಆಗ ಕರೆ ಮಾಡಿದ್ದು 1915ಕ್ಕೆ. ರಾಷ್ಟ್ರೀಯ ರಜಾದಿನಗಳನ್ನು ಬಿಟ್ಟರೆ ಪ್ರತಿದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕೆಲಸ ಮಾಡುವ ಈ ಉಚಿತ ಸಹಾಯವಾಣಿ 17 ಭಾಷೆಗಳಲ್ಲಿ ಲಭ್ಯವಿದ್ದು, ಅವುಗಳಲ್ಲಿ ಕನ್ನಡವೂ ಒಂದು. ಕರೆ ಸ್ವೀಕರಿಸಿದ ಹೆಣ್ಣುಮಗಳು ಅವಸರಪಡಿಸದೆ ಎಲ್ಲವನ್ನೂ ಕೇಳಿಸಿಕೊಂಡು, "ಸರ್, ಬಿಲ್ಲು ಮತ್ತು ಜಾರಿನ ಫೋಟೊ ಇಟ್ಟುಕೊಂಡಿದ್ದೀರಾ?" ಎಂದು ವಿಚಾರಿಸಿ ದೂರು ಬರೆದುಕೊಂಡರು. ದೂರಿನ ಸಂಖ್ಯೆ ಮೊಬೈಲಿಗೆ ಬಂತು. ಹನ್ನೊಂದನೆಯ ದಿನ ಹೊಸ ಜಾರೂ ಬಂತು, 199 ರೂಪಾಯಿ ಖಾತೆಗೂ ಜಮೆಯಾಯಿತು.

ನನ್ನ ಮಾತಿಗೆ ಬಗ್ಗದ ಕಂಪನಿ ಇಲ್ಲಿ ಬಗ್ಗಿದ್ದು ನಿಯಮದ ಬಲದಿಂದ ಎಂದೇ ನಾನು ನಂಬುತ್ತೇನೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಗ್ರಾಹಕರ ಒಪ್ಪಿಗೆಯನ್ನು ಮೊದಲೇ ಟಿಕ್ ಹಾಕಿದ ಚೌಕದ ಮೂಲಕ ಪಡೆಯುವಂತಿಲ್ಲ. ಕಂಪನಿಯ ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹಾರ ಒದಗಿಸಬೇಕು. ಕೇಳದ ಸರಕನ್ನು ಬುಟ್ಟಿಗೆ ಸೇರಿಸುವ ಇಂಥ ತಂತ್ರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರಿನ ಮಾರ್ಗಸೂಚಿಯೂ ನಿಷೇಧಿಸಿದೆ.

ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಅದು ವ್ಯಾಜ್ಯಕ್ಕೆ ಮೊದಲಿನ ಹಂತ ಮಾತ್ರ. ಕಂಪನಿ ಒಪ್ಪದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕಾಗುತ್ತದೆ. ನಮ್ಮಂಥ ಗುಡ್ಡಗಾಡಿನವರಿಗೆ ದೊಡ್ಡ ಆಸರೆಯೆಂದರೆ, ಕಂಪನಿಯ ಕಚೇರಿ ಯಾವ ಊರಿನಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಅಂದರೆ ನಾಪೋಕ್ಲಿನವರು ಮಡಿಕೇರಿಗೆ ಹೋದರೆ ಸಾಕು. ಸರಕಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ.

ಪಾರ್ಸೆಲ್ ಬಂದ ದಿನವೇ ಬಿಚ್ಚಿ ಫೋಟೊ ತೆಗೆದಿಡಿ; ಹಣ ಕಟ್ಟುವ ಪುಟದ ಸ್ಕ್ರೀನ್‌ಶಾಟನ್ನೂ ಉಳಿಸಿಕೊಳ್ಳಿ. ನನ್ನ ದೂರಿನಲ್ಲಿ ಆ ಟಿಕ್ ಗುರುತಿಗೆ ಸಾಕ್ಷಿಯಾದದ್ದು ಅದೊಂದೇ.