ಚಿಕ್ಕಮಗಳೂರು ಕಡೆ ‘ರಮ್ಮಿ ಟೂರ್ನಮೆಂಟ್’ಗೆ ದುಡ್ಡು ಹಾಕೋ ಮುಂಚೆ ಇದನ್ನ ಓದಿ

ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತಿದೀನಿ. ಹದಿನೈದು ವರ್ಷದಿಂದ ರಮ್ಮಿ ಆಡ್ತಿರೋನು ನಾನು. ಹೊಸತೊಡಕಿನ ದಿನ ಬೇಲೂರಲ್ಲಿ ದೊಡ್ಡಪ್ಪನ ಜಗಲಿ ಮೇಲೆ ಕೂತ್ರೆ ಏಳೋದೇ ಮಧ್ಯರಾತ್ರಿಗೆ. ಯಾರು ಯಾವ ಎಲೆ ಎಸೆದ್ರು ಅನ್ನೋ ಲೆಕ್ಕದಲ್ಲಿ ನಂಗೆ ನಾನೇ ಸಾಟಿ ಅಂತ ಬೀಗ್ತಿದ್ದೆ. ಅಂಥವನಿಗೇ ಪಂಗನಾಮ ಹಾಕಿದ್ರು.

2025ರ ಆಗಸ್ಟ್‌ನಲ್ಲಿ ದುಡ್ಡಿಟ್ಟು ರಮ್ಮಿ ಆಡೋ ಆ್ಯಪ್‌ಗಳು ಬಂದ್ ಆದ್ಮೇಲೆ ಯಾರೋ ಒಂದು ವಾಟ್ಸಾಪ್ ಗ್ರೂಪ್‌ಗೆ ಸೇರಿಸಿದ್ರು. ಚಿಕ್ಕಮಗಳೂರು ಹತ್ರ ಹೋಂಸ್ಟೇ, 101 ಪೂಲ್ (ಸೋತ ಪಾಯಿಂಟ್ ಕೂಡ್ತಾ ಹೋಗಿ 101 ಮುಟ್ಟಿದೋನು ಔಟ್), ಎಂಟ್ರಿ 2,500, ಔಟ್ ಆದ್ರೆ ಮತ್ತೆ ಕೂರೋಕೆ 1,500. ‘ಎಲ್ಲ ಹವ್ಯಾಸಕ್ಕೆ ಆಡೋರೇ ಸಾರ್’ ಅಂದ ಆಡಿಸೋನು. ಹಾಕ್ದೆ.

ಟೇಬಲ್‌ಗೆ ಆರು ಜನ. ಎದುರಿಗೆ ಅಕ್ಕಪಕ್ಕ ಕೂತವರಲ್ಲಿ ಒಬ್ಬ ಕಡೂರಂತೆ, ಇನ್ನೊಬ್ಬ ಸಕಲೇಶಪುರ. ‘ನಿಮ್ದು ಯಾವೂರು?’ ಅಂತ ನನ್ನೆದುರೇ ಪರಿಚಯ ಮಾಡ್ಕೊಂಡ್ರು. ಕಡೂರಿನವನು ಎಸೆದ ಎಲೆ ಮೊದಲು ಸಿಗೋದು ಸಕಲೇಶಪುರದವನಿಗೆ. ಎಲೆ ಜೋಡಿಸಿ ಗೆಲ್ಲೋ ಶೋ ಅವನದ್ದೇ, ಮತ್ತೆ ಅವನದ್ದೇ ಶೋ. ನಂಗೆ ಎಲೆ ಬೀಳ್ತಿಲ್ಲ ಅನ್ಕೊಂಡು ಆಡದೇ ಎಲೆ ಕೆಳಗಿಟ್ಟು ಡ್ರಾಪ್ ಕೊಟ್ಟೆ, 20 ಪಾಯಿಂಟ್. ಇನ್ನೊಂದು 20. ನಡುವೆ ಬಿಟ್ಟೆ, 40. ಇನ್ನೊಂದು ಸಲ 40. ಔಟ್. ಮತ್ತೆ 1,500. ಅದೂ ಹೋಯ್ತು, ಮತ್ತೆ 1,500. ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತೋ.

ಮೂರನೇ ಸಲ ಕೂತಾಗ ಸಕಲೇಶಪುರದವನು ಶೋ ಹೊಡೆದ. ಕಳಾವರ್ ಏಳು, ಎಂಟು, ಒಂಬತ್ತು. ಆ ಏಳು ಎಸೆದವನು ಕಡೂರಿನವನೇ. ಅವನು ‘ನಲವತ್ತೈದು’ ಅಂತ ಬಾಯಲ್ಲಿ ಲೆಕ್ಕ ಹೇಳಿ ಎಲೆ ಕಲಸೋಕೆ ಕೈ ಹಾಕಿದ. ಕಲಸೋ ಮುಂಚೆ ಒಂದು ಕ್ಷಣ ಕಂಡುಬಿಡ್ತು: ಕಳಾವರ್ ಐದು, ಪಕ್ಕದಲ್ಲೇ ಕಳಾವರ್ ಆರು. ಐದು, ಆರು ಜೋಡಿಸಿಟ್ಕೊಂಡು ಏಳು ಎಸೀತಾನಾ ಯಾರಾದ್ರೂ? ಕೈಗೆ ಬಂದ ಲೈಫ್, ಅಂದ್ರೆ ಐದು-ಆರು-ಏಳರ ಸಾಲು, ಮುರೀತಾನಾ? ದೊಡ್ಡಪ್ಪನ ಮೊಮ್ಮಗಳು ಮೂರನೇ ಕ್ಲಾಸು, ಅವಳೂ ಎಸೆಯಲ್ಲ! ಬಾಯಿ ಒಣಗಿಹೋಯ್ತು. ನನ್ನ ಕೈಲಿ 13 ಎಲೆ, ಅವರಿಬ್ರ ಕೈಲಿ ಸೇರಿ 26. ಮೂರು ಗಂಟೆ ಹೊತ್ತು ಹಂಗೇ ಆಡಿದೀನಿ.

ಆಡಿಸ್ತಿದ್ದವನಿಗೆ ಹೇಳಿದ್ರೆ, ‘ಅಣ್ಣಾ, ಸೋತಾಗ ಎಲ್ರಿಗೂ ಹಂಗೇ ಅನ್ಸುತ್ತೆ, ಟೀ ಕುಡೀರಿ.’ ಟೀ ಕುಡೀಬೇಕಂತೆ! ಮಾರನೇ ದಿನ ಮೆಸೇಜು: ‘ಗುರೂ, ರಮ್ಮಿ ಸ್ಕಿಲ್ ಗೇಮ್ ಅಂತ ಸುಪ್ರೀಂ ಕೋರ್ಟೇ 1968ರಲ್ಲಿ ಹೇಳಿದೆ. ನಿಮ್ ಸ್ಕಿಲ್ ಕಮ್ಮಿ ಆದ್ರೆ ನಾನೇನ್ ಮಾಡ್ಲಿ?’ ದುಡ್ಡು ಹಾಕೋವರೆಗೂ ಸಾರ್, ಆಮೇಲೆ ಅಣ್ಣ, ಈಗ ಗುರು. ಹೌದಪ್ಪಾ, ಕೋರ್ಟು ಹೇಳಿದೆ, ಮೂರೆಲೆ ಥರ ಬರೀ ಅದೃಷ್ಟದ ಆಟ ಅಲ್ಲ ಅಂತ. ಆಡಿಸೋನು ಅದರಲ್ಲಿ ಲಾಭ ಹೊಡೆದ್ರೆ ಅಪರಾಧ ಆಗಬಹುದು ಅಂತಾನೂ ಅದೇ ತೀರ್ಪಲ್ಲಿದೆ, ಪುಣ್ಯಾತ್ಮ ಅದನ್ನ ಮಾತ್ರ ಓದಿಲ್ಲ. ಸ್ಟೇಷನ್‌ಗೆ ಹೋಗ್ತೀನಿ ಅಂದೆ. ‘ಹೋಗು ಗುರೂ, ದುಡ್ಡಿಟ್ಟು ನೀನೂ ಕೂತಿದ್ದೆಯಲ್ಲ’ ಅಂತ ನಗೋ ಇಮೋಜಿ ಹಾಕಿ ಗ್ರೂಪಿಂದ ತೆಗೆದ. ಅಲ್ಲಿಗೆ ನನ್ನ ಬಾಯಿ ಬಂದ್.

5,500 ರೂಪಾಯಿ. ಮನೇಲಿ ಬೈಕಿಗೆ ಕ್ಲಚ್ ಪ್ಲೇಟ್ ಹಾಕಿಸ್ದೆ ಅಂದಿದೀನಿ.

ಆಡ್ಲೇಬೇಕು ಅಂದ್ರೆ ಗೊತ್ತಿರೋರ ಜೊತೆ ಹುಣಸೆ ಬೀಜ ಇಟ್ಟು ಆಡಿ. ಎಲ್ಲಾದ್ರೂ ಕೂತ್ರೂ ಚೀಟಿ ಎತ್ತಿ ಜಾಗ ಬದಲಿಸಿ ಅನ್ನಿ, ಸೋತವರು ಎಲೆ ಬಿಚ್ಚಿಟ್ಟೇ ಲೆಕ್ಕ ಕೊಡ್ಲಿ ಅನ್ನಿ. ಒಪ್ಪಲ್ಲ ಅಂದ್ರೆ ಎದ್ದು ಬನ್ನಿ. ಈ ಭಾನುವಾರ ಸಕಲೇಶಪುರದ ಕಡೆ ಇನ್ನೊಂದು ಇಟ್ಟಿದಾನಂತೆ. ಕಡೂರಿನವನೂ ಸಕಲೇಶಪುರದವನೂ ಅವತ್ತು ವಾಪಸ್ ಹೋಗಿದ್ದು ಒಂದೇ ಬುಲೆಟ್‌ನಲ್ಲಿ, ಹಸಿರು ಬಣ್ಣದ್ದು.