ಏಳು ವರ್ಷದಿಂದ ಮನೆ ಬಾಗಿಲಿಗೆ ಬರುವ ಸರ್ಕಾರಿ ಆರೋಗ್ಯ ಸೇವೆ: ಮದ್ದೂರು ಕಡೆಯ ನಮ್ಮ ಮನೆಯ ಅನುಭವ

2018ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಮ್ಮೂರಿನ ಆಶಾ ಕಾರ್ಯಕರ್ತೆ ಅಳತೆ ಟೇಪು, ಒಂದು ಫಾರಂ ಹಿಡಿದುಕೊಂಡು ನಮ್ಮ ಜಗುಲಿಗೆ ಬಂದರು. ಅತ್ತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. "ಅಜ್ಜಿ, ಸೊಂಟ ಅಳೀಬೇಕು, ಒಸಿ ಎದ್ದು ನಿಂತ್ಕಳಿ" ಅಂದರು. "ಯಾಕವ್ವ, ಲಂಗ ಹೊಲಿಸ್ಕೊಟ್ಟೀಯಾ?" ಅಂತ ಅತ್ತೆ ನಕ್ಕರು. ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕ್ತೀರಾ, ಮನೆಯಲ್ಲಿ ಯಾರಿಗಾದರೂ ಶುಗರ್ ಇತ್ತಾ, ದಿನಾ ಎಷ್ಟು ಓಡಾಡ್ತೀರಾ ಅಂತೆಲ್ಲ ಕೇಳಿ ಒಂದೊಂದಕ್ಕೂ ಅಂಕ ಹಾಕಿದರು. ಒಟ್ಟು ನಾಲ್ಕು ದಾಟಿದರೆ ಅಂಥವರಿಗೆ ಮೊದಲು ಪರೀಕ್ಷೆ ಮಾಡಿಸಬೇಕು ಅನ್ನುವುದು ಲೆಕ್ಕ. ಅತ್ತೆಗೆ ಆರು ಬಂತು.

ಮುಂದಿನ ವಾರ ಸಬ್‌ಸೆಂಟರಿನಲ್ಲಿ, ಅಂದರೆ ಉಪ ಆರೋಗ್ಯ ಕೇಂದ್ರದಲ್ಲಿ, ಬೆರಳು ಚುಚ್ಚಿ ನೋಡಿದರೆ ಶುಗರ್ 280 ದಾಟಿತ್ತು. ಬಿಪಿ 170/100. ನಮ್ಮತ್ತೆ ಅಲ್ಲಿಯವರೆಗೆ ತಮಗಾಗಿ ಅಂತ ಒಂದು ದಿನವೂ ಆಸ್ಪತ್ರೆಗೆ ಹೋದವರಲ್ಲ, ನಾಲ್ಕು ಮಕ್ಕಳನ್ನು ಹೆತ್ತಿದ್ದೂ ಮನೆಯಲ್ಲೇ. ಆಶಾ ಅಕ್ಕ ಟೇಪು ಹಿಡಿದು ಬರದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಮುಂದೆ ದೂರುಗಳೂ ಇವೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಬಂದವರು ಆಶಾ ಕಾರ್ಯಕರ್ತೆಯರು, ಸುಮಾರು ಸಾವಿರ ಜನಕ್ಕೆ ಒಬ್ಬರು. ನಮ್ಮಂಥ ಬಯಲು ಸೀಮೆಯಲ್ಲಿ ಐದು ಸಾವಿರ ಜನಕ್ಕೆ ಒಂದು ಸಬ್‌ಸೆಂಟರ್, ಮೂವತ್ತು ಸಾವಿರಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ) ಇರಬೇಕು. ನಮ್ಮ ಸಬ್‌ಸೆಂಟರಿಗೆ ಆಮೇಲೆ ಬಣ್ಣ ಹೊಡೆದು 'ಆರೋಗ್ಯ ಮತ್ತು ಕ್ಷೇಮ ಕೇಂದ್ರ' ಅಂತ ಬೋರ್ಡ್ ಹಾಕಿದರು. ಈಗ ಅದು 'ಆಯುಷ್ಮಾನ್ ಆರೋಗ್ಯ ಮಂದಿರ'. ಊರಲ್ಲಿ ಮಾತ್ರ ಇನ್ನೂ ಎಲ್ಲರೂ ಸಬ್‌ಸೆಂಟರ್ ಅಂತಲೇ ಕರೆಯುತ್ತಾರೆ. ಬೋರ್ಡಿಗಿಂತ ದೊಡ್ಡ ಬದಲಾವಣೆ ಅಂದರೆ ಅಲ್ಲಿ ಒಬ್ಬರು ಸಮುದಾಯ ಆರೋಗ್ಯ ಅಧಿಕಾರಿ ಬಂದು ಕೂತಿದ್ದು. ನರ್ಸಿಂಗ್ ಓದಿದ ಹುಡುಗಿ, ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ಬಿಪಿ, ಶುಗರ್ ನೋಡಿ, ಪಿಎಚ್‌ಸಿ ಡಾಕ್ಟರು ಬರೆದ ಮಾತ್ರೆಯನ್ನು ತಿಂಗಳಿಗೊಮ್ಮೆ ಅಲ್ಲೇ ಕೊಡುತ್ತಾರೆ. ಮಾತ್ರೆ ಬದಲಿಸಬೇಕಾದರೆ ಇ-ಸಂಜೀವಿನಿ ಅನ್ನುವ ಸರ್ಕಾರಿ ವಿಡಿಯೋ ಸೇವೆಯಲ್ಲಿ ಡಾಕ್ಟರನ್ನು ಫೋನಿನ ಪರದೆ ಮೇಲೆ ತೋರಿಸಿ ಮಾತಾಡಿಸುತ್ತಾರೆ. ಮೊದಲ ಸಲ ಅತ್ತೆ ಸೆರಗು ಸರಿಮಾಡಿಕೊಂಡು ಪರದೆಗೆ ಕೈ ಮುಗಿದರು.

ಮದ್ದೂರಿಗೆ ಹೋಗಿ ಪ್ರೈವೇಟಲ್ಲಿ ತೋರಿಸಿದ್ದರೆ ಬಸ್ಸು, ಫೀಸು, ಮಾತ್ರೆ ಎಲ್ಲ ಸೇರಿ ತಿಂಗಳಿಗೆ ಏಳೆಂಟು ನೂರು ಆಗುತ್ತಿತ್ತು. ಜೊತೆಗೆ ಒಂದು ದಿನದ ಕೂಲಿಯೂ ಹೋಗುತ್ತಿತ್ತು. ಆದರೆ ನನಗೆ ದುಡ್ಡಿಗಿಂತ ಜಾಸ್ತಿ ಉಪಯೋಗ ಆಗಿದ್ದು ಮೇಡಂ ಅಡುಗೆಮನೆಯ ಮಾತು ಆಡಿದ್ದು. ನಮ್ಮ ಕಡೆ ಎರಡು ನಂಬಿಕೆ ಗಟ್ಟಿಯಾಗಿವೆ. ಮುದ್ದೆ ತಿಂದರೆ ಶುಗರ್ ಏರಲ್ಲ, ಬೆಲ್ಲದ ಕಾಫಿ ಕುಡಿದರೆ ಏನೂ ಆಗಲ್ಲ. ಸುತ್ತ ಆಲೆಮನೆ ಇರುವ ಊರು, ಬೆಲ್ಲವನ್ನು ಬಿಡು ಅಂದರೆ ಬೈಗುಳ ಅಂತಲೇ ಕೇಳಿಸುತ್ತದೆ ಅಲ್ವಾ. ಮೇಡಂ ಬೈಯಲಿಲ್ಲ. ರಾಗಿಯಲ್ಲಿ ನಾರು ಇದೆ, ಒಳ್ಳೆಯದೇ, ಆದರೆ ಎರಡು ದೊಡ್ಡ ಮುದ್ದೆ ಅಂದರೆ ಹಿಟ್ಟು ಹಿಟ್ಟೇ, ಒಂದು ಚಿಕ್ಕ ಮುದ್ದೆ ಮಾಡಿ ಸೊಪ್ಪು ಜಾಸ್ತಿ ಹಾಕಿ ಬಸ್ಸಾರು ಮಾಡಿ ಅಂದರು. ಬೆಲ್ಲವೂ ರಕ್ತದಲ್ಲಿ ಸಕ್ಕರೆಯನ್ನು ಏರಿಸುತ್ತದೆ ಅಂತ, ಅತ್ತೆಗೇ ಕಾಫಿ ಕುಡಿಸಿ ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ತೋರಿಸಿದರು. ಅವತ್ತಿಂದ ಅತ್ತೆ ಬೆಲ್ಲ ಬಿಟ್ಟರು. ಇಂಥ ತಾಳ್ಮೆಯನ್ನು ನಾನು ದುಡ್ಡು ಕೊಟ್ಟ ಕಡೆಯೂ ನೋಡಿಲ್ಲ.

ಈಗ 2022ರ ಜನವರಿಗೆ ಬರುತ್ತೇನೆ. ಬೆಳಿಗ್ಗೆ ಐದಕ್ಕೆ ಎದ್ದು ಹಸು ಕರೆದ ಅತ್ತೆ, ಆರು ಗಂಟೆ ಹೊತ್ತಿಗೆ ಕೊಟ್ಟಿಗೆ ಬಾಗಿಲಲ್ಲೇ ಕುಸಿದು ಕೂತರು. ಬಾಯಿ ಒಂದು ಕಡೆಗೆ ಎಳೆದಿತ್ತು, ಬಲಗೈ ಎತ್ತಲು ಆಗಲಿಲ್ಲ, ಮಾತು ತೊದಲುತ್ತಿತ್ತು. ಮುಖ, ಕೈ, ಮಾತು, ಈ ಮೂರನ್ನು ನೋಡಿ ಅಂತ ಆಶಾ ಅಕ್ಕ ಹಿಂದಿನ ವರ್ಷ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಹೇಳಿದ್ದು ನನಗೆ ನೆನಪಿತ್ತು. ಪಕ್ಕದ ಮನೆಯವರು ಲಕ್ವ ಹೊಡೆದಿದೆ, ನಾಟಿ ಔಷಧಿ ಕೊಡುವವರ ಹತ್ತಿರ ಕರೆದುಕೊಂಡು ಹೋಗಿ ಅಂದರು. ನಾನು 108ಕ್ಕೆ ಫೋನ್ ಮಾಡಿದೆ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕಾದರೆ ಅದನ್ನು ಕರಗಿಸುವ ಇಂಜೆಕ್ಷನ್‌ ಅನ್ನು ಶುರುವಾದ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ನಾವು ಎಂಟೂಕಾಲಕ್ಕೆ ಒಂದು ದೊಡ್ಡ ಆಸ್ಪತ್ರೆ ಸೇರಿದ್ದೆವು. ಸ್ಕ್ಯಾನ್ ಆಯಿತು, ಇಂಜೆಕ್ಷನ್ ಸಿಕ್ಕಿತು, ಅತ್ತೆ ಉಳಿದರು.

ಆಸ್ಪತ್ರೆಯ ಹೆಸರು ಬೇಡ, ಏಕೆಂದರೆ ಮುಂದಿನದು ದೂರು. ಒಂಬತ್ತನೇ ದಿನ ಡಿಸ್ಚಾರ್ಜ್ ಮಾಡಿದರು. ಕೈಗೆ ಇಂಗ್ಲಿಷಿನಲ್ಲಿ ಬರೆದ ಎರಡು ಹಾಳೆ ಕೊಟ್ಟರು. "ಫಿಸಿಯೋ ಮಾಡಿಸಿ, ತಿಂಗಳು ಬಿಟ್ಟು ಬನ್ನಿ" ಅಂದರು, ಅಷ್ಟೇ. ಎಲ್ಲಿ ಮಾಡಿಸಬೇಕು, ಮಲಗಿದವರನ್ನು ಹೇಗೆ ತಿರುಗಿಸಬೇಕು, ಗಂಜಿ ಕುಡಿಸುವಾಗ ಕೆಮ್ಮಿದರೆ ಏನು ಮಾಡಬೇಕು, ಯಾರೂ ಹೇಳಲಿಲ್ಲ. ಅದಕ್ಕಿಂತ ನನಗೆ ನೋವಾಗಿದ್ದು ಇನ್ನೊಂದು. ನಾಲ್ಕು ವರ್ಷ ಅತ್ತೆಯ ಬಿಪಿ ಬರೆದುಕೊಂಡ ನಮ್ಮ ಸಬ್‌ಸೆಂಟರಿಗೆ ಅತ್ತೆಗೆ ಸ್ಟ್ರೋಕ್ ಆಗಿದೆ ಅನ್ನುವ ಸುದ್ದಿಯೇ ಹೋಗಿರಲಿಲ್ಲ. ಊರಿಂದ ಮೇಲಿನ ಆಸ್ಪತ್ರೆಗೆ ಕಳಿಸುವಾಗ ಚೀಟಿ ಕೊಟ್ಟು ಕಳಿಸುತ್ತಾರೆ. ಅಲ್ಲಿಂದ ಊರಿಗೆ ವಾಪಸ್ ಬರುವಾಗ ಒಂದು ಫೋನೂ ಇಲ್ಲ. ಆಶಾ ಅಕ್ಕನಿಗೆ ಗೊತ್ತಾಗಿದ್ದು ಐದು ದಿನ ಆದ ಮೇಲೆ, ಡೇರಿಯಲ್ಲಿ ಹಾಲು ಹಾಕುವಾಗ ಯಾರೋ ಹೇಳಿ. ಅಷ್ಟರಲ್ಲಿ ಅತ್ತೆಯ ಸೊಂಟದ ಕೆಳಗೆ ಕೆಂಪಗೆ ಹುಣ್ಣು ಶುರುವಾಗಿತ್ತು. ನಾನು ಮೂರು ಹೊತ್ತೂ ಪಕ್ಕದಲ್ಲೇ ಇದ್ದೆ, ಆದರೂ ನೋಡಿರಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಅಕ್ಕ ಅವತ್ತೇ ಸಂಜೆ ಮೇಡಂ ಜೊತೆ ಬಂದರು. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೊಣಕಾಲ ನಡುವೆ ದಿಂಬು ಇಡಬೇಕು, ಊಟ ಮಾಡಿಸುವಾಗ ಪೂರ್ತಿ ಕೂರಿಸಬೇಕು ಅಂತ ತಾವೇ ಮಾಡಿ ತೋರಿಸಿದರು. ನನ್ನ ಯಜಮಾನರ ಕೈಯಲ್ಲೂ ಮಾಡಿಸಿದರು. ತಾಲ್ಲೂಕು ಆಸ್ಪತ್ರೆಯ ಫಿಸಿಯೋ ಅವರನ್ನು ಗೊತ್ತು ಮಾಡಿಕೊಟ್ಟರು, ಅವರು ಎರಡು ತಿಂಗಳಲ್ಲಿ ಆರು ಸಲ ಮನೆಗೇ ಬಂದರು. ಹುಣ್ಣು ಮೂರು ವಾರದಲ್ಲಿ ಮಾಯಿತು. ಕೊನೆಗೆ ಅತ್ತೆ ಕೋಲು ಹಿಡಿದು ಬಚ್ಚಲಿಗೆ ತಾವೇ ಹೋಗುವಂತಾದರು. ಈ ಎರಡು ತಿಂಗಳಿಗಾಗಿಯೇ ಐದಕ್ಕೆ ಐದು ಸ್ಟಾರ್ ಕೊಡಬಹುದು. ಆ ಐದು ದಿನಕ್ಕೆ ಒಂದೂ ಇಲ್ಲ.

ಬೇರೆ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಮಾತ್ರೆ ಯಾವಾಗಲೂ ಇರುತ್ತದೆ ಅಂತ ನಂಬಿ ಕೂರಬೇಡಿ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಮುಗಿದಿದ್ದು ಕಡಿಮೆ, ಆದರೆ ಬಿಪಿ ಮಾತ್ರೆ ಎರಡು ಸಲ ತಿಂಗಳುಗಟ್ಟಲೆ ಬರಲಿಲ್ಲ, ಜನೌಷಧಿ ಅಂಗಡಿಯಲ್ಲಿ ತಂದೆವು. ಮೇಡಂಗೆ ವರ್ಗವಾದ ಮೇಲೆ ಏಳು ತಿಂಗಳು ಆ ಕುರ್ಚಿ ಖಾಲಿ ಇತ್ತು. ಒಬ್ಬರೇ ಸಿಸ್ಟರು ಮೂರು ಊರಿನ ಲಸಿಕೆ, ಬಸುರಿಯರ ತಪಾಸಣೆ, ಡೆಂಗ್ಯೂ ಕಾಲದಲ್ಲಿ ಲಾರ್ವಾ ಸಮೀಕ್ಷೆ ಎಲ್ಲ ನೋಡಬೇಕಿತ್ತು, ಪಾಪ ಅವರೂ ಏನು ಮಾಡಿಯಾರು. ಇನ್ನೊಂದು, ಗಂಡಸರು ಈ ಸೇವೆಯ ಕೈಗೆ ಸಿಗುವುದೇ ಇಲ್ಲ. ಸಬ್‌ಸೆಂಟರ್ ತೆರೆದಿರುವ ಹೊತ್ತಿಗೆ ಅವರು ಗದ್ದೆಯಲ್ಲೋ ಆಲೆಮನೆಯಲ್ಲೋ ಇರುತ್ತಾರೆ. ಮೂವತ್ತು ದಾಟಿದ ಎಲ್ಲರನ್ನೂ ಪರೀಕ್ಷೆ ಮಾಡಬೇಕು ಅನ್ನುವುದು ನಿಯಮ. ನನ್ನ ಯಜಮಾನರಿಗೆ ಬಿಪಿ ಇದೆ ಅಂತ ಗೊತ್ತಾಗಿದ್ದು ಮಾತ್ರ ಮಾರಿಹಬ್ಬದ ದಿನ ಆರೋಗ್ಯ ಸಿಬ್ಬಂದಿ ದೇವಸ್ಥಾನದ ಮುಂದೆ ಟೇಬಲ್ ಹಾಕಿ ಕೂತಿದ್ದಾಗ. ಅವತ್ತು ಊರಿನ ಗಂಡಸರೆಲ್ಲ ಸಾಲಾಗಿ ಕೈ ಚಾಚಿದರು. ಪಿಎಚ್‌ಸಿಯವರು ದಯವಿಟ್ಟು ಇದನ್ನು ಜಾಸ್ತಿ ಮಾಡಬೇಕು. ಸಂಜೆ ಡೇರಿ ಹತ್ತಿರ ವಾರಕ್ಕೊಂದು ಗಂಟೆ ಕೂತರೂ ಸಾಕು. 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ಬೇರೆ ಜಿಲ್ಲೆಗಳಿಗೂ ಬಂದ 'ಗೃಹ ಆರೋಗ್ಯ' ಯೋಜನೆಯಲ್ಲೂ ಮನೆಗೆ ಬರುವುದು ಹಗಲು ಹೊತ್ತಲ್ಲೇ.

ತಾಯಿ ಮಗುವಿನ ವಿಷಯದಲ್ಲಿ ನನಗೆ ದೂರಿಲ್ಲ. 2024ರಲ್ಲಿ ನಾದಿನಿ ಹೆರಿಗೆಗೆ ನಮ್ಮ ಮನೆಗೇ ಬಂದಿದ್ದಳು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ಮೇಲೆ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಬರಬೇಕು. ಅಕ್ಕ ಆರು ಸಲವೂ ಬಂದರು, ಒಂದು ಸಲ ಸುರಿಯುವ ಮಳೆಯಲ್ಲಿ. ತೂಕ ನೋಡಿದರು, ಮೈ ಬಿಸಿ ನೋಡಿದರು, ಹೊಕ್ಕುಳಿಗೆ ಹರಳೆಣ್ಣೆ ಹಚ್ಚಬೇಡಿ ಅಂತ ನಮ್ಮ ದೊಡ್ಡಮ್ಮನಿಗೆ ಮೆಲ್ಲಗೆ ಹೇಳಿದರು. ಹುಟ್ಟಿದ್ದು ಹೆಣ್ಣು ಮಗು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, 2023ರ ಕೊನೆಯಲ್ಲಿ ನಮ್ಮದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ದಂಧೆ ಬಯಲಾಯಿತು. ಅಂಥ ಜಿಲ್ಲೆಯಲ್ಲಿ, ಯಾರು ಬಸುರಿ, ಎಷ್ಟು ತಿಂಗಳು ಅಂತ ಮನೆ ಮನೆಗೆ ಹೋಗಿ ಬರೆದಿಟ್ಟು ಮತ್ತೆ ಮತ್ತೆ ಬಂದು ವಿಚಾರಿಸುವ ಒಬ್ಬ ಹೆಂಗಸು ಊರಲ್ಲಿ ಇರುವುದು ಸಣ್ಣ ಮಾತಲ್ಲ.

ಮೈಸೂರಿನಲ್ಲಿರುವ ನನ್ನ ತಂಗಿ, ಪಟ್ಟಣಗಳಲ್ಲಿ ಸರ್ಕಾರ ನಡೆಸುವ 'ನಮ್ಮ ಕ್ಲಿನಿಕ್‌'ಗೆ ಹೋಗುತ್ತಾಳೆ. ಮಾತ್ರೆ, ಪರೀಕ್ಷೆ ಚೆನ್ನಾಗಿದೆಯಂತೆ. ಆದರೆ ವರ್ಷಕ್ಕೊಂದು ಬಾಡಿಗೆ ಮನೆ ಬದಲಿಸುವವರನ್ನು ಹುಡುಕಿಕೊಂಡು ಬರುವವರು ಅಲ್ಲಿ ಯಾರೂ ಇಲ್ಲ ಅಂತಾಳೆ.

ಆಶಾಗಳ ಸಂಬಳದ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಸಂಬಳವೂ ಅಲ್ಲ, ಗೌರವಧನ, ಮೇಲೆ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. 2025ರ ಜನವರಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ಹೋರಾಡಿದರು. ನಮ್ಮಕ್ಕನೂ ಹೋಗಿದ್ದರು. ಆ ವಾರ ನಮ್ಮ ಬೀದಿಗೆ ಯಾರೂ ಬರಲಿಲ್ಲ, ಯಾರೂ ಬೇಜಾರೂ ಮಾಡಿಕೊಳ್ಳಲಿಲ್ಲ. ತಿಂಗಳಿಗೆ ಕನಿಷ್ಠ ಹತ್ತು ಸಾವಿರ ಕೊಡುತ್ತೇವೆ ಅಂತ ಸರ್ಕಾರ ಭರವಸೆ ಕೊಟ್ಟ ಮೇಲೆ ವಾಪಸ್ ಬಂದರು. ಹತ್ತು ಸಾವಿರವೂ ಕಡಿಮೆಯೇ. ಅವರು ಮಾಡುವ ಕೆಲಸ ನಾನು ಏಳು ವರ್ಷದಿಂದ ಕಣ್ಣಾರೆ ನೋಡಿದ್ದೇನೆ. ಈಗ ಅರ್ಧ ಹೊತ್ತು ಮೊಬೈಲಿಗೆ ಮಾಹಿತಿ ತುಂಬುವುದರಲ್ಲೇ ಹೋಗುತ್ತದೆ. ಅತ್ತೆಯ ಹತ್ತಿರ ಕೂತು ಮಾತಾಡಲು ಮೊದಲಿನಷ್ಟು ಪುರಸೊತ್ತಿಲ್ಲ ಅಂತ ಅವರೇ ಹೇಳುತ್ತಾರೆ.

ನಿಮ್ಮೂರಲ್ಲಿ ಈ ಸೇವೆ ಬಳಸುವವರಿಗೆ ಒಂದಿಷ್ಟು ಹೇಳುತ್ತೇನೆ. ಒಂದು ನೋಟ್‌ಬುಕ್ ಇಟ್ಟು ಪ್ರತಿ ಸಲದ ಬಿಪಿ, ಶುಗರ್ ತಾರೀಖಿನ ಜೊತೆ ಬರೆಸಿಕೊಳ್ಳಿ, ಸಿಬ್ಬಂದಿ ಬದಲಾದಾಗ ನಮಗೆ ಅದೇ ಆಸರೆ ಆಯಿತು. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ವಿಚಾರಿಸಿ. ಮನೆಯ ಗಂಡಸರನ್ನು ಯಾವುದಾದರೂ ಒಂದು ರಜಾ ದಿನ ಕೈ ಹಿಡಿದು ಕರೆದುಕೊಂಡು ಹೋಗಿ ಬಿಪಿ ನೋಡಿಸಿ, ಸಬ್‌ಸೆಂಟರ್ ಮುಚ್ಚಿದ್ದರೆ ಶಿಬಿರ ಯಾವಾಗ ಅಂತ ಆಶಾ ಹತ್ತಿರ ಕೇಳಿ. ಮನೆಯವರು ಯಾರಾದರೂ ದೊಡ್ಡ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದರೆ, ಆ ಹಾಳೆಗಳ ಫೋಟೋ ತೆಗೆದು ಆಂಬುಲೆನ್ಸ್ ಹತ್ತುವ ಮೊದಲೇ ನಿಮ್ಮ ಆಶಾಗೆ, ಸಬ್‌ಸೆಂಟರಿನವರಿಗೆ ಕಳಿಸಿ, ಫೋನೂ ಮಾಡಿ. ನಾವು ಮಾಡಿರಲಿಲ್ಲ.